ಒರಳು ತುಂಬಿದ ಮಳೆ

“ಅಜ್ಜಾರೇ, ಮಳೆ ಮೊದಲಿನಷ್ಟೇ ಬೀಳುತ್ತಿದೆ. ಆದರೂ ಹೊಲ ಯಾಕೆ ಬಡವಾಗುತ್ತಿದೆ?”

ಹೀಗೆ ಕೇಳಿದವನು ಗುರುಪಾದ. ಕಪ್ಪು ಮಣ್ಣಿನ ಎರೆ ಸೀಮೆಯ ಒಂದು ದಿನ್ನೆಯ ಮೇಲಿದ್ದ ಸಣ್ಣ ಮಠದಲ್ಲಿ ಅವನು ಹದಿನೆಂಟು ವರ್ಷಗಳಿಂದ ಶಿಷ್ಯನಾಗಿದ್ದ. ಮೀಸೆ ನರೆತಿತ್ತು. ದಿನ್ನೆಯ ನೆತ್ತಿಯಿಂದ ಇಳಿಜಾರಿನ ಕೊನೆಯವರೆಗೆ ಒಂದು ಗರಿಕೆಯೂ ಉಳಿಯದಂತೆ ಕಿತ್ತು, ಗುಡಿಸಿ ಇಡುವುದು ಅವನ ನಿತ್ಯದ ಸೇವೆ. ಇಲ್ಲಿ ನೆಲದ ಮೇಲೇ ಅನ್ನ ಸುರಿದುಕೊಂಡು ಉಣ್ಣಬಹುದು ಎಂದು ಬಂದ ಭಕ್ತರು ಹೇಳುತ್ತಿದ್ದರು. ಪ್ರಶ್ನೆ ಕೇಳುವಾಗಲೂ ಅವನ ಕೈಯಲ್ಲಿ ಕಸಬರಿಗೆ ಇತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಜಗಲಿಯ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ, “ಇದು ನಿನ್ನ ತಲೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಯಾರು ಕೇಳಿ ಬಾ ಎಂದರು?” ಎಂದರು.

“ಅಣ್ಣ. ಈ ದಿನ್ನೆಯ ಬುಡದಲ್ಲೇ ಅವನ ಹೊಲ. ಮೇಲಿನ ಮಣ್ಣು ಹೋಗಿ ಅಡಿಯ ಗರಸು ಕಲ್ಲು ಕಾಣುತ್ತಿದೆ. ನಡುವೆ ಕೊರಕಲು ಬಿದ್ದು ಎತ್ತು ದಾಟದಂತಾಗಿದೆ. ಈ ಸಲ ಬಿತ್ತುವುದಿಲ್ಲ, ಹೊಲ ಬೀಳುಬಿಟ್ಟು ಎಲ್ಲಾದರೂ ಹೋಗುತ್ತೇನೆ ಎನ್ನುತ್ತಾನೆ. ನಮ್ಮ ಅಪ್ಪ ಅವ್ವ ಇಬ್ಬರನ್ನೂ ಮಣ್ಣು ಮಾಡಿದ್ದು ಆ ಹೊಲದಲ್ಲೇ, ಅಜ್ಜಾರೇ. ಏಳು ದಿನ ಭಜನೆ ಇಟ್ಟರೆ ಮಳೆ ಇನ್ನಷ್ಟು ಬಂದೀತು ಎಂದು ಊರವರ ಮಾತು. ತಾವು ಅಪ್ಪಣೆ ಕೊಡಬೇಕು.”



“ಭಜನೆಗೆ ನನ್ನ ಅಡ್ಡಿಯಿಲ್ಲ. ಆದರೆ ಮಳೆ ಕಡಿಮೆಯಾಗಿಲ್ಲ ಎಂದು ಹೇಳುವವನೂ ನೀನೇ, ಇನ್ನಷ್ಟು ಬರಲಿ ಎಂದು ಕೇಳುವವನೂ ನೀನೇ. ಇದು ಯಾವ ಲೆಕ್ಕ? ಮೊದಲು ಆ ಕಸಬರಿಗೆ ಕೆಳಗಿಡು. ಕೂತು ಕೇಳು.”

ಗುರುಪಾದ ಕುಳಿತ. ಕಸಬರಿಗೆಯನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡ. ಅಜ್ಜನವರು ಅದನ್ನು ನೋಡಿದರು. ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಅವನದು ಇಳಿಜಾರಿನ ಎರೆ ಹೊಲ. ಆ ಸೀಮೆಯಲ್ಲಿ ಮುಂಗಾರಿನಲ್ಲಿ ಬಿತ್ತುವುದಿಲ್ಲ. ಮುಂಗಾರು ಮುಗಿಯುವ ತನಕ ಹೊಲವನ್ನು ಬರಿದಾಗಿ ಇಟ್ಟು, ಮಣ್ಣಿಗೆ ನೀರು ಕುಡಿಸಿ, ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುತ್ತಾರೆ. ಹುಲ್ಲು ಹುಟ್ಟಿದರೆ ತೇವ ಕುಡಿಯುತ್ತದೆ. ಅದಕ್ಕೇ ನಡುನಡುವೆ ಎತ್ತು ಕಟ್ಟಿ ಕುಂಟೆ ಹೊಡೆದು, ಮೇಲ್ಮಣ್ಣು ಕೆದಕಿ ಹುಲ್ಲು ತೆಗೆಯುತ್ತಾರೆ. ಇದು ಅವರ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ತಪ್ಪು ಪದ್ಧತಿಯೇನಲ್ಲ, ಅದನ್ನು ನೆನಪಿಟ್ಟುಕೋ.

ಈ ರೈತ ಮಾತ್ರ ಉಳಿದವರು ಮೂರು ಸಲ ಕುಂಟೆ ಹೊಡೆದರೆ ತಾನು ಹತ್ತು ಸಲ ಹೊಡೆಯುತ್ತಿದ್ದ. ಹೊಲದ ಪಕ್ಕದಲ್ಲೇ ಸಂತೆಗೆ ಹೋಗುವ ದಾರಿ. ದಾರಿಯಿಂದ ನೋಡಿದರೆ ಸಾಲು ನೆಟ್ಟಗೆ ಕಾಣಬೇಕೆಂದು ಮೇಲಿನಿಂದ ಕೆಳಕ್ಕೆ ಇಳಿಜಾರಿನ ಉದ್ದಕ್ಕೇ ಎತ್ತು ಹೊಡೆಯುತ್ತಿದ್ದ. ಬದುವಿನ ಮೇಲಿನ ಹುಲ್ಲನ್ನೂ ಕೆತ್ತಿ ತೆಗೆಯುತ್ತಿದ್ದ. ಜೋಳ ಕೊಯ್ದ ಮೇಲೆ ಕೂಳೆಯನ್ನು ಬೇರು ಸಮೇತ ಆರಿಸಿ ಸುಡುತ್ತಿದ್ದ. ದಾರಿಹೋಕರು ನಿಂತು ನೋಡಿ, ಇದು ಹೊಲವಲ್ಲ, ಮದುವೆ ಮನೆಯ ಅಂಗಳ ಎನ್ನುತ್ತಿದ್ದರು. ಅವನು ಎದೆ ಉಬ್ಬಿಸಿಕೊಂಡು ಇನ್ನೊಂದು ಸುತ್ತು ಕುಂಟೆ ಹೊಡೆಯುತ್ತಿದ್ದ. ಹಾಗೆ ಹೊಗಳಿದವರದ್ದೂ ತಪ್ಪಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅವನ ಮನೆಯ ಮುಂದೆ ಒಂದು ಹಳೆಯ ಕಲ್ಲಿನ ಒರಳಿತ್ತು. ಅದರಲ್ಲಿ ಕುಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನ ಅಪ್ಪ ಅದನ್ನು ಮಳೆ ಅಳೆಯಲು ಇಟ್ಟಿದ್ದ. ಮಳೆ ಬಂದಾಗ ಅದರ ಬಾಯಿಗೆ ಮುಚ್ಚಿದ ಹಲಗೆ ತೆಗೆಯುವುದು, ನಿಂತಾಗ ಮುಚ್ಚುವುದು. ಒರಳು ತುಂಬಿದರೆ ಗೋಡೆಗೆ ಒಂದು ಸುಣ್ಣದ ಬೊಟ್ಟು ಇಟ್ಟು ನೀರು ಚೆಲ್ಲುವುದು. ಅಪ್ಪನ ಕಾಲದಲ್ಲಿ ವರ್ಷಕ್ಕೆ ಒಂಬತ್ತು ಬೊಟ್ಟು. ಒಂದು ವರ್ಷ ಎಂಟು, ಇನ್ನೊಂದು ವರ್ಷ ಹತ್ತು, ಅಷ್ಟೇ ಹೆಚ್ಚುಕಡಿಮೆ. ಮಗನ ಕಾಲದಲ್ಲಿಯೂ ಒಂಬತ್ತೇ.

ಆದರೆ ಅಪ್ಪನ ಕಾಲದಲ್ಲಿ ಆಳು ಮುಳುಗುವಂತೆ ಬೆಳೆಯುತ್ತಿದ್ದ ಜೋಳ ಮಗನ ಕಾಲಕ್ಕೆ ಎದೆಮಟ್ಟಕ್ಕೆ ಬಂತು. ಮುಂದೆ ಸೊಂಟಕ್ಕೆ ಇಳಿಯಿತು. ಒಂದು ವರ್ಷ ಮೊಣಕಾಲಿನ ಹತ್ತಿರವೇ ತೆನೆ ಹಾಯಿತು. ತೆನೆ ಮುರಿದು ನೋಡಿದರೆ ಅರ್ಧ ಜೊಳ್ಳು. ರೈತ ಅಂದು ಹೊಲದಲ್ಲೇ ಕುಳಿತು ಅತ್ತ. ಮಳೆ ಅಷ್ಟೇ ಇದೆ, ನನ್ನ ದುಡಿಮೆ ಅಪ್ಪನದಕ್ಕಿಂತ ಹೆಚ್ಚೇ ಇದೆ, ಆದ್ದರಿಂದ ಭೂಮಿಗೇ ಮುಪ್ಪು ಬಂದಿದೆ ಎಂದು ತೀರ್ಮಾನಿಸಿದ. ಹೊಲ ಬಿಟ್ಟು ಹೆಂಡತಿಯ ತವರಿಗೆ ಹೋಗುವುದೆಂದು ಬಂಡಿಗೆ ಸಾಮಾನು ಹೇರಿದ.

ಅವನ ಹೊಲದ ಕೆಳಗೆ ಅವನ ಅಕ್ಕನ ಹೊಲ. ಆಕೆಯನ್ನು ಅದೇ ಊರಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡಿದ್ದ. ಆಕೆಯ ಹೊಲ ನೋಡಿದರೆ ಅವನು ಮೂಗು ಮುರಿಯುತ್ತಿದ್ದ. ಕೂಳೆ ನಿಂತಲ್ಲೇ ನಿಂತಿರುತ್ತಿತ್ತು. ಬದುವಿನ ತುಂಬ ಹುಲ್ಲು. ಸಾಲುಗಳು ಇಳಿಜಾರಿಗೆ ಅಡ್ಡ, ಅವೂ ಸೊಟ್ಟ. ಮುಂಗಾರಿನಲ್ಲಿ ಅಲ್ಲಲ್ಲಿ ಅಲಸಂದೆ ಬಳ್ಳಿ ಹಬ್ಬಿಸಿ ನೆಲವೇ ಕಾಣದಂತೆ ಮಾಡಿಬಿಡುತ್ತಿದ್ದಳು. ಸೋಮಾರಿ ಎಂದು ಅವನು ನಾಲ್ಕು ಜನರ ಮುಂದೆ ಆಡಿಕೊಂಡಿದ್ದೂ ಉಂಟು. ಬಂಡಿ ಹೊರಟಾಗ ಎತ್ತಿನ ಹಗ್ಗ ಹಿಡಿದು ನಿಲ್ಲಿಸಿದವಳು ಅವಳೇ. ಇನ್ನೊಂದು ಮಳೆ ನೋಡಿ ಹೋಗು ಎಂದಳು. ಅಕ್ಕನ ಮಾತು ಮೀರಲಾರದೆ ಅವನು ನಿಂತ.

ಹದಿನೈದು ದಿನ ಬಿಸಿಲು, ಅಷ್ಟು ದಿನವೂ ಅವನು ಅಭ್ಯಾಸದಂತೆ ಕುಂಟೆ ಹೊಡೆಯುತ್ತಲೇ ಇದ್ದ. ಹದಿನಾರನೆಯ ದಿನ ಮಧ್ಯಾಹ್ನ ಬೇಸಿಗೆಯ ಮೊದಲ ಮಳೆ ಬಂತು. ಅಕ್ಕ ತಮ್ಮನ ಮನೆಗೆ ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಬುಟ್ಟಿ ತುಂಬುವಷ್ಟರಲ್ಲಿ ಆಚೆ ಒರಳೂ ತುಂಬಿತು. ರೈತ ಗೋಡೆಗೆ ಒಂದು ಬೊಟ್ಟು ಇಟ್ಟು ಬಂದ. ಅಕ್ಕ ಎರಡು ಚರಿಗೆ ತೆಗೆದುಕೊಂಡು ಅವನನ್ನು ಹೊಲಕ್ಕೆ ಎಳೆದುಕೊಂಡು ಹೋದಳು. ಅವನ ಹೊಲದಿಂದ ಹೊರಬೀಳುವ ನೀರನ್ನು ಒಂದರಲ್ಲಿ ಹಿಡಿಸಿದಳು. ತನ್ನ ಹೊಲದಿಂದ ಹೊರಬೀಳುವ ನೀರನ್ನು ಇನ್ನೊಂದರಲ್ಲಿ ಹಿಡಿದಳು. ಮನೆಗೆ ಬಂದು ಇಬ್ಬರೂ ರೊಟ್ಟಿ ತಿಂದರು. ಆಮೇಲೆ ತಿಳಿನೀರನ್ನು ಮೆಲ್ಲಗೆ ಬಸಿದು ನೋಡಿದರೆ, ಅವನ ಚರಿಗೆಯ ತಳದಲ್ಲಿ ನಾಲ್ಕು ಬೆರಳು ಮಣ್ಣು. ಅವಳದರಲ್ಲಿ ಅರ್ಧ ಬೆರಳು.

“ಅಪ್ಪನ ಕಾಲದಲ್ಲಿ ಈ ಒರಳು ತುಂಬಲು ಎಷ್ಟು ದಿನ ಬೇಕಾಗುತ್ತಿತ್ತು, ತಮ್ಮಾ?” ಎಂದು ಅಕ್ಕ ಕೇಳಿದಳು.

“ಐದು ದಿನ, ಎಂಟು ದಿನ. ಜಿಟಿಜಿಟಿ ಹಿಡಿದರೆ ಬಿಡುತ್ತಿರಲಿಲ್ಲವಲ್ಲ.”

“ಇವತ್ತು ಒಂದು ಬುಟ್ಟಿ ರೊಟ್ಟಿಯ ಹೊತ್ತಿನಲ್ಲಿ ತುಂಬಿತು. ಎರಡಕ್ಕೂ ನೀನು ಇಡುವುದು ಒಂದೇ ಬೊಟ್ಟು. ಎಂಟು ದಿನದ ಮಳೆಯನ್ನು ಬರಿ ನೆಲ ಕುಡಿಯುತ್ತದೆ. ಈ ಮಳೆಯನ್ನು ಹೇಗೆ ಕುಡಿದೀತು? ಹದಿನೈದು ದಿನ ಕುಂಟೆ ಹೊಡೆದು ಹಿಟ್ಟು ಮಾಡಿಟ್ಟಿದ್ದೀ. ಆ ಹಿಟ್ಟನ್ನು ಮಳೆ ಹೊತ್ತುಕೊಂಡು ಹೋಗುತ್ತದೆ. ನಿನ್ನ ಹೊಲಕ್ಕೆ ಮುಪ್ಪು ಬಂದಿಲ್ಲ, ತಮ್ಮಾ. ಅರ್ಧ ನನ್ನ ಬದುವಿನ ಹಿಂದೆ ಬಂದು ಕೂತಿದೆ. ಅರ್ಧ ಹಳ್ಳ ಸೇರಿದೆ.”

ಇಷ್ಟು ಕೇಳಿದರೆ ಬುದ್ಧಿ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಇಷ್ಟು ವರ್ಷ ನನ್ನ ಮಣ್ಣಿನಲ್ಲಿ ಬೆಳೆದು ಉಂಡಳಲ್ಲ ಎಂದು ಅವನಿಗೆ ಮೈ ಉರಿಯಿತು. ಬಾಯಿಬಿಟ್ಟು ಅಂದೂ ಬಿಟ್ಟ. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ನಾನು ಕರೆಯಲಿಲ್ಲ, ಬಂದದ್ದನ್ನು ಹೋಗಗೊಡಲಿಲ್ಲ ಅಷ್ಟೇ, ನಿನ್ನದೆನಿಸಿದರೆ ಒಯ್ದುಕೋ ಎಂದಳು. ಅವನು ಒಯ್ದ. ಬೇಸಿಗೆಯುದ್ದಕ್ಕೂ ಅಕ್ಕನ ಬದುವಿನ ಹಿಂದಿನ ಮಣ್ಣನ್ನು ಅಗೆದು, ಬಂಡಿಗಟ್ಟಲೆ ಮೇಲಕ್ಕೆ ಸಾಗಿಸಿ, ತನ್ನ ಹೊಲಕ್ಕೆ ಹರಡಿದ. ಎತ್ತಿನ ಹೆಗಲು ಹುಣ್ಣಾಯಿತು, ಅವನ ಅಂಗೈ ಒಡೆಯಿತು. ದುಡಿಮೆಗೆ ಅವನು ಎಂದೂ ಹಿಂಜರಿದವನಲ್ಲ. ಮಣ್ಣು ಹರಡಿದ ಮೇಲೆ ಏನು ಮಾಡಿದ, ಹೇಳು ನೋಡೋಣ?

ಗುರುಪಾದ ಮಡಿಲಲ್ಲಿದ್ದ ಕಸಬರಿಗೆಯ ಕಡ್ಡಿಗಳನ್ನು ನೆಟ್ಟಗೆ ಮಾಡುತ್ತಿದ್ದ.

ಕುಂಟೆ ಹೊಡೆದ. ಎಂಟು ಸಲ, ನೆಟ್ಟಗೆ, ಮೇಲಿನಿಂದ ಕೆಳಕ್ಕೆ. ಕಪ್ಪು ಮಣ್ಣು ಹಾಸಿದ ಹೊಲ ಆಗ ಕಣ್ಣು ಕುಕ್ಕುವಂತಿತ್ತು. ದಾರಿಹೋಕರು ಎಂದಿಗಿಂತ ಹೆಚ್ಚು ಹೊಗಳಿದರು. ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಬುಟ್ಟಿ ರೊಟ್ಟಿಯ ಹೊತ್ತು ಕೂಡ ಹಿಡಿಯಲಿಲ್ಲ. ಅವನು ಹೊತ್ತು ಹಾಕಿದ ಮಣ್ಣೆಲ್ಲ ಒಂದೇ ಸಲ ಇಳಿಯಿತು. ಬುಡ ಅಗೆಸಿಕೊಂಡಿದ್ದ ಅಕ್ಕನ ಬದು ಅದನ್ನು ತಡೆಯಲಾರದೆ ಒಡೆಯಿತು. ಅವನ ಮಣ್ಣು, ಅವಳ ಮಣ್ಣು, ಅಲಸಂದೆ ಬಳ್ಳಿ ಎಲ್ಲವೂ ಹಳ್ಳಕ್ಕೆ ಹೋಯಿತು. ಹಳ್ಳಕ್ಕೆ ಹೋದದ್ದನ್ನು ಯಾವ ಬಂಡಿಯಲ್ಲೂ ತರಲಾಗುವುದಿಲ್ಲ.

ಅಕ್ಕ ಒಡೆದ ಬದುವಿನ ಮೇಲೆ ಕುಳಿತಿದ್ದಳು. ಅವನು ಬೈಗುಳ ಕೇಳಲು ತಯಾರಾಗಿ ಹೋಗಿ ಎದುರಿಗೆ ನಿಂತ. ಆಕೆ ಬೈಯಲಿಲ್ಲ.

“ನಿನಗೆ ಅನ್ನ ಕೊಡುವ ಹೊಲ ಬೇಕೋ, ದಾರಿಯವರು ಹೊಗಳುವ ಹೊಲ ಬೇಕೋ?” ಎಂದಳು.

“ನನಗೆ ಅಪ್ಪ ಕಲಿಸಿದ್ದು ಇದೊಂದೇ, ಅಕ್ಕಾ.”

“ಅಪ್ಪ ಕಲಿಸಿದ್ದು ಅಪ್ಪನ ಮಳೆಗೆ. ಆ ಮಳೆ ಅವನ ಜೊತೆಗೇ ಹೋಯಿತು.”

ಆ ವರ್ಷ ಇಬ್ಬರೂ ಸೇರಿ ಬದು ಕಟ್ಟಿದರು. ರೈತ ಕುಂಟೆಯನ್ನು ಅಟ್ಟಕ್ಕೇರಿಸಿದ. ಕಳೆ ಕೀಳಲೇಬೇಕಾದಾಗ ಮಾತ್ರ ಇಳಿಸುತ್ತಿದ್ದ, ಆಗಲೂ ಇಳಿಜಾರಿಗೆ ಅಡ್ಡ ಹೊಡೆಯುತ್ತಿದ್ದ. ಕೂಳೆಯನ್ನು ನಿಂತಲ್ಲೇ ಬಿಟ್ಟ. ಮುಂಗಾರಿಗೆ ಅಲಸಂದೆ ಹಬ್ಬಿಸಿದ. ದಾರಿಹೋಕರು ನಿಂತು ನೋಡಿ, ಪಾಪ, ಯಜಮಾನನಿಗೆ ಕೈಲಾಗದು ಎಂದರು. ಮಣ್ಣು ಹೊರುವಾಗ ನೋಯದ ಮೈ ಆ ಮಾತಿಗೆ ನೊಂದಿತು. ಅವನು ದಾರಿಗೆ ಬೆನ್ನು ಹಾಕಿ ಕೆಲಸ ಮಾಡುವುದನ್ನು ಕಲಿತ. ಗೋಡೆಯ ಮೇಲೆ ಬೊಟ್ಟು ಒಂಬತ್ತೇ ಇದ್ದವು.

ಇಷ್ಟು ಹೇಳಿ ಅಜ್ಜನವರು ಮತ್ತೆ ಬೇಳೆಯ ಕಡೆ ತಿರುಗಿದರು.

“ಹೊಲ ಮೊದಲಿನಂತಾಯಿತೇ, ಅಜ್ಜಾರೇ?”

“ಮೊದಲಿನಂತೆ ಎಲ್ಲಿ ಆಗುತ್ತದೆ? ಬೆರಳಿನಷ್ಟು ಮಣ್ಣು ಹುಟ್ಟಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಅವನು ಸಾಯುವ ಹೊತ್ತಿಗೆ ಜೋಳ ಮತ್ತೆ ಸೊಂಟ ಮುಟ್ಟುತ್ತಿತ್ತು. ಉಳಿದದ್ದು ಉಳಿಯಿತು. ಹೋಗುವುದು ನಿಂತಿತು. ಅವನು ಊರು ಬಿಡಲಿಲ್ಲ.”

ಗುರುಪಾದನ ಮುಖ ಅರಳಿತು. ಇಂದೇ ಹೋಗಿ ಅಣ್ಣನಿಗೆ ಈ ಕತೆ ಹೇಳುತ್ತೇನೆ, ಕುಂಟೆ ಬಿಡು ಎನ್ನುತ್ತೇನೆ ಎಂದು ಎದ್ದ.

“ನಿನ್ನ ಅಣ್ಣ ಕುಂಟೆ ಬಿಟ್ಟು ಆರು ವರ್ಷವಾಯಿತು. ಅವನ ಬದುವಿನ ತುಂಬ ಹುಲ್ಲಿದೆ. ಹೋದ ವಾರ ನಾನೇ ಇಳಿದು ಹೋಗಿ ನೋಡಿ ಬಂದೆ” ಎಂದರು ಅಜ್ಜನವರು.

ಹೊರಟಿದ್ದ ಗುರುಪಾದ ತಿರುಗಿ ನಿಂತ. ಆಮೇಲೆ ನೆನಪಾದವನಂತೆ ಕೇಳಿದ.

“ಹೊಗಳಿದವರದ್ದೂ ತಪ್ಪಿದೆ, ಆಮೇಲೆ ಹೇಳುತ್ತೇನೆ ಎಂದಿರಿ. ಹೇಳಲಿಲ್ಲವಲ್ಲ?”

ಅಜ್ಜನವರು ಮೊರವನ್ನು ಕೆಳಗಿಟ್ಟರು.

“ಅಣ್ಣನ ಹೊಲದ ಆ ಕೊರಕಲನ್ನೇ ಹಿಡಿದು ಮೇಲಕ್ಕೆ ನಡೆದು ಬಾ, ಗುರುಪಾದ, ಹದಿನೆಂಟು ವರ್ಷ ನೀನು ಗುಡಿಸಿದ, ನಾನು ಹೊಗಳಿದ ನೆಲಕ್ಕೆ ಬಂದು ಮುಟ್ಟುತ್ತೀ.”

ಗುರುಪಾದ ಕಸಬರಿಗೆಯನ್ನು ಕೆಳಗಿಟ್ಟ.