ಮೂರೂವರೆ ಹಾಳೆ ಬಿರುದು

ಮಗಳ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ಗುಮಾಸ್ತ ಕರಿಸಿದ್ದಪ್ಪ ಎರಡು ದಿನದ ರಜೆಗೆ ಅರ್ಜಿ ಬರೆದ. ಮೊದಲ ಸಾಲು ಓದಿಯೇ ಸಾಹೇಬರು ಕೆಂಡವಾದರು.

“ಬರೀ ‘ಮಾನ್ಯರೇ’ ಅಂತೀಯಲ್ಲಯ್ಯ! ನಾನೇನು ನಿನ್ನ ಓರಗೆಯವನೇ? ದೊಡ್ಡವರಿಗೆ ಹೇಗೆ ಬರೆಯಬೇಕೋ ಕಲಿತು ಬಾ.”

ಮರುದಿನ ಕರಿಸಿದ್ದಪ್ಪ ನಾಲ್ಕು ಹಾಳೆಯ ಅರ್ಜಿ ತಂದ. ‘ಘನತೆವೆತ್ತ, ಧರ್ಮಮೂರ್ತಿ, ಕಚೇರಿ ಕುಲತಿಲಕ…’ ಹೀಗೆ ಮೂರೂವರೆ ಹಾಳೆ ಬರೀ ಬಿರುದು. ಸಾಹೇಬರು ಮೊದಲ ಹಾಳೆಯನ್ನು ಎರಡೆರಡು ಸಲ ಓದಿ ಹಿಗ್ಗಿದರು. ಉಳಿದದ್ದನ್ನು ಓದದೆಯೇ ಕೊನೆಯಲ್ಲಿ ‘ಮಂಜೂರು’ ಎಂದು ರುಜು ಹಾಕಿದರು.

ವಾರ ಕಳೆದರೂ ಗುಮಾಸ್ತನ ಸುಳಿವಿಲ್ಲ. ಸಾಹೇಬರು ಅರ್ಜಿ ತರಿಸಿ ಕಡೆಯ ಸಾಲು ಓದಿದರು: ‘ಮಗಳ ಬಾಣಂತನಕ್ಕೆ ಒಂದು ತಿಂಗಳ ರಜೆ ಬೇಕು.’

ಅಂದೇ ಸುತ್ತೋಲೆ ಹೊರಟಿತು: ‘ಇನ್ನು ಮುಂದೆ ಅರ್ಜಿಯಲ್ಲಿ ವಿಷಯವನ್ನೇ ಮೊದಲು ಬರೆಯತಕ್ಕದ್ದು. ಬಿರುದುಗಳನ್ನು ಕೊನೆಯಲ್ಲಿ, ಆದರೆ ತಪ್ಪದೆ, ಬರೆಯತಕ್ಕದ್ದು.’