ಹಗ್ಗಬಿಚ್ಚಿದ ದಿಣ್ಣೆ

ದೇವರಿಗೆಂದು ತಂದದ್ದು, ದೇವರಿಗೆ ಸೇರಲಿಲ್ಲ. ತಂದವನ ಮನೆಗೂ ಮರಳಲಿಲ್ಲ. ಕಟ್ಟಿದವನು ಬಿಚ್ಚಲಿಲ್ಲ, ಬಿಚ್ಚಿದವನು ಕಟ್ಟಿರಲಿಲ್ಲ. ಏನದು? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ. ಕತ್ತಾಳೆಪಾಳ್ಯದಲ್ಲಿ ಹುಟ್ಟದವರಿಗೆ ಇದು ಬಿಡಿಸಲಾಗದ ಒಗಟು. ಅಲ್ಲೇ ಹುಟ್ಟಿದವರಲ್ಲೂ ಅರ್ಧ ಜನ ಗೊತ್ತಿರುವವರಂತೆ ಗಂಭೀರವಾಗಿ ಕೆಮ್ಮಿ ಜಾಗ ಖಾಲಿ ಮಾಡುತ್ತಾರೆ. ಕಾಡಂಚಿನ ಆ ಒಣ ಸೀಮೆಯ ಊರಿಗೆ ಹೋದರೆ ಮೊದಲು ಕಾಣುವುದು ಸುಣ್ಣ ಬಳಿದ ಹಳೆಯ ಚರ್ಚು. ಅದರ ಎದುರಿಗೆ ಒಂದು ಬೋಳು ದಿಣ್ಣೆ, ನಡುವೆ ಸೊಂಟದೆತ್ತರದ ಒಂದು ನೆಟ್ಟ ಕಲ್ಲು. ಮರವಿಲ್ಲ, ಬೋರ್ಡಿಲ್ಲ, ನೋಡಲು ಇನ್ನೇನೂ ಇಲ್ಲ. ಆದರೂ ಹಗ್ಗಬಿಚ್ಚಿದ ದಿಣ್ಣೆ ಎಂದರೆ ಸುತ್ತಲಿನ ಎಲ್ಲ ಹಳ್ಳಿಗಳಿಗೂ ಗೊತ್ತು.

ಹಿಂದೆ ಒಮ್ಮೆ, ಊರಿನಲ್ಲಿ ಒಂದೂ ಹೆಂಚಿನ ಮನೆಯಿಲ್ಲದಿದ್ದ ಕಾಲದಲ್ಲಿ, ಚೌರಪ್ಪ ಮತ್ತು ಯಾಗಪ್ಪ ಎಂಬ ಅಣ್ಣತಮ್ಮಂದಿರು ಕತ್ತಾಳೆ ನಾರಿನ ಹಗ್ಗ ಹೊಸೆದು ಬದುಕುತ್ತಿದ್ದರು ಎನ್ನುತ್ತಾರೆ. ಹಗ್ಗದ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಈ ತುದಿಯಲ್ಲಿ ಹುರಿ ಹಾಕುತ್ತಿದ್ದರೆ, ಇನ್ನೊಬ್ಬ ಆ ತುದಿ ಹಿಡಿದು, ಹುರಿ ಏರಿ ಹಗ್ಗ ಗಿಡ್ಡವಾದಂತೆಲ್ಲ ಒಂದೊಂದೇ ಹೆಜ್ಜೆ ಹತ್ತಿರ ಬರಬೇಕು. ತಮ್ಮ ಹುರಿ ಹಾಕುವವನು, ಅಣ್ಣ ಹಿಡಿಯುವವನು. ಹೀಗಿರುವಾಗ ಸೀಮೆಗೆ ಪ್ಲೇಗು ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಯಾಗಪ್ಪನ ಹೆಂಡತಿ ಮದಲೇನಮ್ಮನಿಗೆ ಜ್ವರ ಏರಿತು. ಆಸ್ಪತ್ರೆ ಇದ್ದದ್ದು ಹೊಳೆಯಾಚೆ, ಅಣ್ಣತಮ್ಮಂದಿರಿಗೆ ಇದ್ದದ್ದು ಒಂದೇ ಗಾಡಿ, ಆ ಗಾಡಿ ನಿಂತದ್ದು ಚೌರಪ್ಪನ ಗುಡಿಸಲ ಮುಂದೆ. ತಮ್ಮ ಏದುಸಿರು ಬಿಡುತ್ತ ಓಡಿಬರುವುದನ್ನು ಚೌರಪ್ಪ ದೂರದಿಂದಲೇ ಕಂಡ. ಅವನಿಗೆ ಸಣ್ಣ ಸಣ್ಣ ಮಕ್ಕಳು. ಗಾಡಿ ಹತ್ತಿದ ರೋಗ ಗುಡಿಸಲಿಗೂ ಇಳಿದೀತೆಂಬ ಭಯ. ಇಲ್ಲವೆನ್ನಲು ಬಾಯಿ ಬರದು, ಕೊಡಲು ಕೈ ಬರದು. ಸರಸರನೆ ಒಂದು ಚಕ್ರ ಕಳಚಿ ಹುಲ್ಲಿನ ಮೆದೆಯಲ್ಲಿ ಹುದುಗಿಸಿ, ಚಕ್ರ ರಿಪೇರಿಗೆಂದು ಬಡಗಿಯ ಮನೆಗೆ ಹೋಗಿದೆ ಎಂದುಬಿಟ್ಟ. ಯಾಗಪ್ಪ ಬಡಗಿಯ ಬಳಿಗೆ ಓಡಿದ. ಅಲ್ಲಿ ಚಕ್ರವೂ ಇರಲಿಲ್ಲ, ಬಂದ ಸುದ್ದಿಯೂ ಇರಲಿಲ್ಲ. ಕೊನೆಗೆ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ನಡೆದ. ಹೊಳೆ ಮುಟ್ಟುವಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಅಂದಿನಿಂದ ಯಾಗಪ್ಪ ಚರ್ಚಿಗೆ ಬರುವುದನ್ನೂ ಬಿಟ್ಟ, ಅಣ್ಣನ ಮುಖ ನೋಡುವುದನ್ನೂ ಬಿಟ್ಟ. ಹಗ್ಗದ ಆ ತುದಿಯನ್ನು ಬೇವಿನ ಮರಕ್ಕೆ ಕಟ್ಟಿ ಒಬ್ಬನೇ ಹೊಸೆಯತೊಡಗಿದ. ಮರ ಹೆಜ್ಜೆ ಮುಂದಿಡುವುದಿಲ್ಲವಲ್ಲ, ಹಗ್ಗ ಬಿಗಿದು ಬಿಗಿದು ನಡುವೆಯೇ ಸಿಡಿಯುತ್ತಿತ್ತು.

ಚೌರಪ್ಪನ ಎದೆಯಲ್ಲಿ ಆ ಚಕ್ರ ಉರುಳುತ್ತಲೇ ಇತ್ತು. ದೇವರಿಗೆ ದೊಡ್ಡದೇನಾದರೂ ಕೊಟ್ಟರೆ ಹಗುರಾದೀತೆಂದು, ಹೊಸ ಬೆಳೆಯ ಹಬ್ಬದ ದಿನ ಉಳಿದವರು ರಾಗಿ ತೆನೆ, ಕುಂಬಳಕಾಯಿ ತಂದರೆ, ಅವನು ಕೊಟ್ಟಿಗೆಯಲ್ಲಿದ್ದ ಒಳ್ಳೆಯ ಹೋರಿಗರುವನ್ನೇ ಹಿಡಿದು ತಂದ. ಆ ದಿನ ಪೂಜೆಯ ನಡುವೆ ಚರ್ಚಿನ ಪಾದ್ರಿ ಸಾಮಿಯವರು ಮಾಡಿದ ಪ್ರಸಂಗ ಸರಿಯಾಗಿ ಅವನ ನೆತ್ತಿಗೇ ಬಂದು ಬಿತ್ತು: ಕಾಣಿಕೆ ತಂದವನಿಗೆ ಸೋದರನ ಮನಸ್ಸು ನೋಯಿಸಿದ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬರಲಿ ಎಂದರು. ಊರೆಲ್ಲ ತಲೆದೂಗಿತು, ತಲೆದೂಗುವುದಕ್ಕೆ ಖರ್ಚಿಲ್ಲ. ಚೌರಪ್ಪನೊಬ್ಬ ಎದ್ದು ಹೊರಬಂದು, ಕರುವನ್ನು ದಿಣ್ಣೆಯ ಕಲ್ಲಿಗೆ ಬಿಗಿದು, ನೆಟ್ಟಗೆ ತಮ್ಮನ ಅಂಗಳಕ್ಕೆ ನಡೆದ.

"ಸಾಮಿಯೋರು ರಾಜಿಯಾಗಿ ಬಾ ಅಂದವ್ರೆ ಯಾಗು. ಕರ ಕಟ್ಬುಟ್ಟು ಬಂದಿದ್ದೀನಿ, ಬೇಗ ಒಂದು ಮಾತು ಹೇಳ್ಬುಡು."

ಯಾಗಪ್ಪ ನಾರಿನಿಂದ ಕಣ್ಣೆತ್ತಲಿಲ್ಲ. "ಆವತ್ತು ನಾನೂ ಬೇಗ ಅಂತ್ಲೇ ಕೇಳಿದ್ದೆ, ಅಣ್ಣ."

ಬಂದ ದಾರಿಯಲ್ಲೇ ಮರಳಿದ ಚೌರಪ್ಪನಿಗೆ ಸಾಮಿಯವರು, ಹಾಗಾದರೆ ಸದ್ಯಕ್ಕೆ ಕರು ಮನೆಗೆ ಹೊಡೆದುಕೊಂಡು ಹೋಗು ಎಂದರು. ಬಿಟ್ಟು ಹೋಗು ಎಂದವರು ನೀವೇ ತಾನೇ, ದೇವರ ಮುಂದೆ ಬಿಟ್ಟದ್ದನ್ನು ಮತ್ತೆ ಮುಟ್ಟುವವನಲ್ಲ ಎಂದು ಅವನು ಪಟ್ಟು ಹಿಡಿದ. ರಾಜಿಯಾಗದೆ ಕಾಣಿಕೆ ಸ್ವೀಕರಿಸಲು ಸಾಮಿಯವರೂ ಒಪ್ಪಲಿಲ್ಲ. ಹೀಗೆ ಕರು ದೇವರಿಗೂ ಇಲ್ಲದೆ ಮನುಷ್ಯರಿಗೂ ಇಲ್ಲದೆ ದಿಣ್ಣೆಯ ಮೇಲೆ ಉಳಿಯಿತು. ಹೆಂಗಸರು ಪಾಪವೆಂದು ಹುಲ್ಲು ನೀರು ತಂದಿಟ್ಟರು. ಕರು ಹೋರಿಯಾಯಿತು. ಪೂಜೆಗೆ ಬಂದವರು ಅದರ ಸಗಣಿಯಲ್ಲಿ ಜಾರಿ, ಬಾಯಿಗೆ ಬಂದ ಬೈಗುಳವನ್ನು ಜಪವಾಗಿ ತಿರುಗಿಸಿದರು. ಒಮ್ಮೆ ಅದು ಮದುಮಗಳ ಹಾರವನ್ನೇ ತಿಂದು, ಮದುಮಗನ ಮುಖ ನೋಡಿ ನೆಮ್ಮದಿಯಾಗಿ ಮೆಲುಕು ಹಾಕಿತಂತೆ. ಆದರೆ ಹೋರಿ ಬೆಳೆದರೂ ಕೊರಳ ಹಗ್ಗ ಬೆಳೆಯಲಿಲ್ಲ. ಅದು ಚರ್ಮಕ್ಕೆ ಇಳಿಯಿತು, ಗಾಯವಾಯಿತು, ಗಾಯದ ಸುತ್ತ ಮಾಂಸ ಉಬ್ಬಿ ಗಂಟು ಮುಚ್ಚಿತು. ಯಾರಾದರೂ ಹತ್ತಿರ ಹೋದರೆ ಚೌರಪ್ಪ ಅಡ್ಡ ನಿಲ್ಲುತ್ತಿದ್ದ. ತಮ್ಮ ಮಾತಾಡುವವರೆಗೆ ಅದು ಹಾಗೇ ಇರಲಿ ಎನ್ನುತ್ತಿದ್ದ. ಒಂದು ಬೆಳಗ್ಗೆ ಹೋರಿ ಕುಡಿದ ನೀರೆಲ್ಲ ಮೂಗಿನಿಂದ ಹೊರಗೆ ಸುರಿಯಿತು. ಚೌರಪ್ಪ ನಿಂತು ನೋಡುತ್ತಿದ್ದ. ಅಂದು ತನ್ನ ಮನೆ ಉಳಿಸಿಕೊಳ್ಳಲು ಒಂದು ಜೀವ ಬಿಟ್ಟುಕೊಟ್ಟವನು, ಇಂದು ತನ್ನ ಮಾತು ಉಳಿಸಿಕೊಳ್ಳಲು ಇನ್ನೊಂದು ಜೀವ ಬಿಟ್ಟುಕೊಡುತ್ತಿದ್ದಾನೆ ಎಂದು ಅವನಿಗೆ ಆಗ ಹೊಳೆಯಿತು. ಸಾಮಿಯವರನ್ನೂ ಕೇಳದೆ ಅವನು ತಮ್ಮನ ಅಂಗಳಕ್ಕೆ ಮತ್ತೆ ಹೋದ. ಈ ಸಲ ರಾಜಿಯ ಮಾತೆತ್ತಲಿಲ್ಲ.

"ಚಕ್ರ ಮೆದೆಯೊಳಗಿತ್ತು, ಯಾಗು. ನೀನು ಬಡಗಿ ಮನೆಗೆ ಓಡೋವಾಗ ನಾನು ಅಲ್ಲೇ ನಿಂತಿದ್ದೆ. ಒಂದು ಸಲ ಕೂಗಿದ್ರೆ ಸಾಕಿತ್ತು. ಕೂಗಲಿಲ್ಲ."

ಹುರಿ ಹಾಕುತ್ತಿದ್ದ ಕೈ ನಿಂತಿತು. ಯಾಗಪ್ಪ, ಕಾಣಿಕೆ ಮುಗಿಸೋಕೆ ಬಂದೆಯಾ ಎಂದು ಕೇಳಿದ.

"ಕಾಣಿಕೆ ಮನೆ ಹಾಳಾಯ್ತು. ಅದು ಸಾಯ್ತಾ ಅದೆ. ಗಂಟು ಬಿಚ್ಚೋಕೆ ನನ್ ಕೈಲಾಗಲ್ಲ."

ಯಾಗಪ್ಪ ಕೈ ಒರೆಸಿಕೊಂಡು ಎದ್ದು, ಅಣ್ಣನಿಗಿಂತ ಮುಂದೆ ದಿಣ್ಣೆ ಹತ್ತಿದ. ಜನ ಕುಡುಗೋಲು ತಂದುಕೊಟ್ಟರು. ಉಬ್ಬಿದ ಕೊರಳಿಗೆ ಕಬ್ಬಿಣ ತಾಗಿಸಿದರೆ ನರವೇ ಹೋದೀತೆಂದು ಅವನು ಅದನ್ನು ಮುಟ್ಟಲಿಲ್ಲ. ಬೆರಳನ್ನು ಗಾಯದೊಳಗೆ ತೂರಿಸಿ ಗಂಟು ಹುಡುಕತೊಡಗಿದ. ಹೋರಿ ಕೊಸರಾಡಿತು. "ತಲೆ ಹಿಡ್ಕೊ" ಎಂದ. ಚೌರಪ್ಪ ಕೊಂಬುಗಳ ನಡುವೆ ಎದೆ ಕೊಟ್ಟು ಹಿಡಿದ. ರಕ್ತ ಕೀವಿನಲ್ಲಿ ಬೆರಳಾಡಿಸುತ್ತಲೇ ತಮ್ಮ ಗೊಣಗಿದ: "ಹಗ್ಗದೋರ ಮನೇಲಿ ಹುಟ್ಟಿ ಇದೆಂಥಾ ಗಂಟು ಹಾಕಿದ್ದೀಯಪ್ಪ. ಕತ್ತೆ ಕೂಡ ಇದಕ್ಕಿಂತ ಚೆನ್ನಾಗಿ ಹಾಕ್ತದೆ." ಚೌರಪ್ಪ ಹೋರಿಯ ಹಣೆಗೆ ಮುಖವೊತ್ತಿ ಬಿಕ್ಕಿದ. ಹೊತ್ತು ನೆತ್ತಿಗೇರುವಾಗ ಗಂಟು ಸಡಿಲಿತು.

ಅಣ್ಣತಮ್ಮಂದಿರು ಹೋರಿಯ ಎರಡು ಪಕ್ಕ ನಿಂತು ಅದನ್ನು ಚರ್ಚಿನೊಳಗೆ ನಡೆಸಿಕೊಂಡು ಹೋದರಂತೆ. ಸಾಮಿಯವರು ಆಶೀರ್ವಾದ ಮಾಡುವಾಗ ಅದು ಪೀಠದ ಹೂವನ್ನೆಲ್ಲ ಮೇಯ್ದು, ಊರು ನಗುತ್ತ ಅಳುತ್ತ ನಿಂತಿರಲು ಇಬ್ಬರೂ ಅಪ್ಪಿಕೊಂಡರಂತೆ. ಇಂದು ದಿಣ್ಣೆ ನೋಡಲು ಬಂದವರನ್ನು ಊರವರು ಕೆಳಗಿನ ಸ್ಮಶಾನಕ್ಕೂ ಕರೆದೊಯ್ಯುತ್ತಾರೆ. ಅಲ್ಲಿ ಮದಲೇನಮ್ಮನ ಗೋರಿಯ ಒಂದು ಪಕ್ಕ ಯಾಗಪ್ಪನದು, ಇನ್ನೊಂದು ಪಕ್ಕ ಚೌರಪ್ಪನದು. ಮೊದಲು ಸತ್ತವನು ಚೌರಪ್ಪ. ಎಲ್ಲಿ ಅಗೆಯಬೇಕೆಂದು ಜಾಗ ತೋರಿಸಿದವನು ತಮ್ಮ.

ಸರಿ, ಹೇಳಿಬಿಡುತ್ತೇನೆ. ಚರ್ಚಿಗೆ ಹೋದದ್ದು, ಹೂ ಮೇಯ್ದದ್ದು, ಅಪ್ಪಿಕೊಂಡದ್ದು, ಅಷ್ಟೂ ನಾನು ಕಟ್ಟಿದ್ದು. ಹಿರಿಯರು ಹೇಳುವ ಪ್ರಕಾರ, ಹಗ್ಗ ಬಿಚ್ಚಿದೊಡನೆ ಹೋರಿ ಕಾಡಿನ ಕಡೆ ಓಡಿಹೋಯಿತು, ತಮ್ಮ ಕೈ ತೊಳೆದು ಮನೆಗೆ ನಡೆದ, ಅಣ್ಣ ಅಲ್ಲೇ ಕೂತ. ಆಮೇಲೆ ಅವರು ಮಾತಾಡಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಲ್ಲಿಗೇ ನಿಲ್ಲಿಸಿದರೆ ಕೇಳುವವರ ಮುಖ ಸಪ್ಪಗಾಗುತ್ತದೆಂದು ಸ್ವಲ್ಪ ಸೇರಿಸಿದೆ. ಗೋರಿಗಳನ್ನು ಮಾತ್ರ ನಾನು ಸೇರಿಸಿಲ್ಲ.