ಬಾಗಿಲ ಮೇಲಿನ ಕಲ್ಲು

೧೯೬೧ರ ಮೇ ಹದಿನಾಲ್ಕರಂದು ಐಲ್ಸಾ ಅಮ್ಮ ದಿನಚರಿಯಲ್ಲಿ ಬರೆದುಕೊಂಡರು: "ಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿಸಿದೆ." ಸ್ಕಾಟ್ಲೆಂಡಿನ ಪೇಟೆಯೊಂದರಲ್ಲಿದ್ದ ಅವರ ಮುನ್ನೂರು ವರ್ಷದ ಮನೆಗೆ ಬಾಗಿಲ ಮೇಲೊಂದು ಮರಳುಗಲ್ಲು. ಮನೆ ಕಟ್ಟಿಸಿದ ದಂಪತಿಯ ಎರಡು ಹೆಸರುಗಳ ಕೆತ್ತನೆಯನ್ನು ಹೊತ್ತ ಹೆಮ್ಮೆ ಅದಕ್ಕೆ.

ಸಂದುಗಳಿಂದ ಕೆರೆದು ಕೆಳಗೆ ಹಾಕಿದ ಹಳೆಯ ಸುಣ್ಣದ ಗಾರೆಗೆ ಸಿಮೆಂಟು ಹೇಳಿತು: "ನಡಿಯಜ್ಜೀ. ನೀನು ನೀರು ಕುಡಿಯುತ್ತೀ, ಉದುರುತ್ತೀ. ನಾನು ಒಂದು ಹನಿಯನ್ನೂ ಬಿಡೆ."

"ಕಲ್ಲಿನ ತೇವವನ್ನು ನಾನು ಹೊರಗೆ ಬಿಡುತ್ತಿದ್ದೆ ಮಗೂ. ಅದು ಉದುರದಿರಲೆಂದೇ ನಾನು ಉದುರುತ್ತಿದ್ದೆ."

"ಮುದುಕಿಗೆ ಹೊಟ್ಟೆಕಿಚ್ಚು!" ಎಂದಿತು ಕಲ್ಲು.

ಅಂದಿನಿಂದ ಮಳೆಯ ತೇವ ಸಂದುಗಳಲ್ಲಿ ದಾರಿ ಕಾಣದೆ ಕಲ್ಲಿನಲ್ಲೇ ಉಳಿಯಿತು. ಪ್ರತಿ ಚಳಿಗಾಲದಲ್ಲೂ ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲಿನ ಮೈ ಸುಲಿಯಿತು. ಹನ್ನೆರಡು ವರ್ಷದ ಮೇಲೂ ಸಿಮೆಂಟು ಗಟ್ಟಿಯಾಗಿಯೇ ಇತ್ತು. ಕಲ್ಲು ಎರಡು ಅಂಗುಲ ಸವೆದಿತ್ತು. ಎರಡು ಹೆಸರುಗಳೂ ಹೋಗಿದ್ದವು.